ಗ್ಲಾಕೋಮಾ: ನೇತ್ರದಾಸೋಹದ ಮರೆತ ಅಂಗ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ನೇತ್ರ ತಪಾಸಣಾ ಶಿಬಿರಗಳಿಗೆ ಕೊರತೆಯಿಲ್ಲ. ದಾನಿಗಳ ಔದಾರ್ಯದಿಂದ ಪೊರೆಯ ಶಸ್ತ್ರಚಿಕಿತ್ಸೆಯೂ ಉಚಿತ ಕನ್ನಡಕವೂ ದೊರೆತು ಅನೇಕ ವೃದ್ಧರು ಬೆಳಕು ಕಂಡಿದ್ದಾರೆ. ಆದರೆ ಗೋಡೆಯ ಮೇಲಿನ ಅಕ್ಷರಫಲಕವನ್ನು ಓದಿಸಿ 'ದೃಷ್ಟಿ ಸರಿಯಿದೆ' ಎಂದು ಕಳುಹಿಸುವ ಪರೀಕ್ಷೆಗೆ ಗ್ಲಾಕೋಮಾ ಸಿಕ್ಕುವುದಿಲ್ಲವೆಂಬ ಅಂಶವು ಶಿಬಿರ ನಡೆಸುವವರ ಗಮನಕ್ಕೆ ಸಾಕಷ್ಟು ಬಂದಂತಿಲ್ಲ.

ಈ ರೋಗವು ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರವನ್ನು ಸವೆಸುತ್ತದೆ. ಕಣ್ಣಿನೊಳಗಿನ ದ್ರವ ಸರಾಗವಾಗಿ ಹೊರಹರಿಯದೆ ಒತ್ತಡ ಏರುವುದು ಮುಖ್ಯ ಕಾರಣ; ಒತ್ತಡ ಸಹಜವಾಗಿದ್ದೂ ನರ ಕೆಡುವುದುಂಟು. ಸಾಮಾನ್ಯವಾಗಿ ಮೊದಲು ಅಳಿಯುವುದು ಅಂಚಿನ ನೋಟ. ನಡುವಣ ನೋಟ ಬಹುಕಾಲ ಉಳಿಯುವುದರಿಂದ ರೋಗಿಯು ಪಂಚಾಂಗದ ಸಣ್ಣಕ್ಷರವನ್ನೂ ಓದಬಲ್ಲನು. ಮೆಟ್ಟಿಲ ಅಂಚು ತಪ್ಪಿದಾಗ, ಪಕ್ಕದಿಂದ ಬಂದ ಸ್ಕೂಟರು ಕಾಣದಾದಾಗ ತನ್ನ ವಯಸ್ಸನ್ನೇ ದೂರುತ್ತಾನೆ. ಸುಶ್ರುತನ 'ಅಧಿಮಂಥ'ವೇ ಇದೆಂದು ಹೇಳುವವರುಂಟು. ಆದರೆ ಅಲ್ಲಿ ವರ್ಣಿತವಾದುದು ಕಡೆದಂತಹ ತೀವ್ರ ವೇದನೆ. ಹಠಾತ್ತನೆ ಕಣ್ಣು ಕೆಂಪಾಗಿ, ತಲೆನೋವು, ವಾಂತಿಗಳೊಡನೆ ಎರಗುವ ಗ್ಲಾಕೋಮಾಕ್ಕೆ ಅದು ಒಪ್ಪುತ್ತದೆ. ಅಂಥವರು ಒಂದು ದಿನವೂ ತಡೆಯದೆ ಆಸ್ಪತ್ರೆಗೆ ಹೋಗಬೇಕು. ಹೆಚ್ಚಾಗಿ ಕಂಡುಬರುವ ಬಗೆಗೆ ನೋವೆಂಬುದೇ ಇಲ್ಲ.

'ಪೊರೆ ಬಲಿಯಲಿ, ಆಮೇಲೆ ತೆಗೆಸೋಣ' ಎಂಬ ಮನೆಮಾತು ಇಲ್ಲಿ ಅನರ್ಥಕಾರಿ. ಪೊರೆಯಿಂದ ಮಸುಕಾದ ನೋಟ ಶಸ್ತ್ರಚಿಕಿತ್ಸೆಯಿಂದ ತಿಳಿಯಾಗುತ್ತದೆ. ನರದೊಡನೆ ಹೋದದ್ದು ಮರಳದು. 2006ರಲ್ಲಿ ಡಾ. ರಾಜ್‌ಕುಮಾರ್ ಅವರೂ 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರೂ ಮಾಡಿದ ನೇತ್ರದಾನವು ನಾಡಿಗೆ ಮೇಲ್ಪಂಕ್ತಿಯಾಯಿತು. ಆದರೆ ದಾನದ ಕಣ್ಣಿನಿಂದ ಕಸಿಮಾಡುವುದು ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾವನ್ನು, ದೃಷ್ಟಿನರವನ್ನಲ್ಲ. ಗ್ಲಾಕೋಮಾದಿಂದ ಅಂಧನಾದವನಿಗೆ ಆ ಮಹಾದಾನವೂ ನೋಟವನ್ನು ಹಿಂದಿರುಗಿಸಲಾರದು.

ಆದಕಾರಣ ಶ್ರೀಮಠದ ಆವರಣದ ಶಿಬಿರಗಳಲ್ಲಿ 40 ವರ್ಷ ದಾಟಿದವರಿಗೆ ಕಣ್ಣಿನ ಒತ್ತಡದ ಅಳತೆಯೂ ದೃಷ್ಟಿನರದ ಪರೀಕ್ಷೆಯೂ ಸೇರಬೇಕು. ತಂದೆತಾಯಿ, ಒಡಹುಟ್ಟಿದವರಲ್ಲಿ ಈ ರೋಗವಿರುವವರೂ, ಔಷಧದಂಗಡಿಯಿಂದ ತಾವೇ ಸ್ಟೀರಾಯ್ಡ್ ಹನಿ ತಂದು ಹಾಕಿಕೊಳ್ಳುವವರೂ ಮೊದಲು ಬರಲಿ. ಸಂದೇಹವುಳ್ಳವರನ್ನು ಮುಂದಿನ ಪರೀಕ್ಷೆಗಾಗಿ ಸರ್ಕಾರದ ಮಿಂಟೊ ಕಣ್ಣಿನ ಆಸ್ಪತ್ರೆಗೋ ರಾಜಾಜಿನಗರದ ನಾರಾಯಣ ನೇತ್ರಾಲಯಕ್ಕೋ ಕಳುಹಿಸಬಹುದು.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಗ್ಲಾಕೋಮಾ ರೋಗಿಗಳಲ್ಲಿ ಕೆಲವರಿಗೆ ಲೇಸರ್ ಅಥವಾ ಶಸ್ತ್ರಚಿಕಿತ್ಸೆ ಬೇಕಾದರೂ, ಬಹುಮಂದಿಗೆ ಹನಿಮದ್ದೇ ಗತಿ, ಅದೂ ಜೀವಮಾನವಿಡೀ. ಹನಿ ಹಾಕಿದರೆ ನೋಟ ಹೆಚ್ಚುವುದಿಲ್ಲ, ಇದ್ದದ್ದು ಉಳಿಯುತ್ತದೆ. ಗುಣ ಕಾಣಲಿಲ್ಲವೆಂದು ಬಡವನು ಎರಡನೆಯ ಸೀಸೆ ಕೊಳ್ಳದೆ ಬಿಡುತ್ತಾನೆ. ಶಾಮಿಯಾನ, ಹಾರತುರಾಯಿಗಳ ವೆಚ್ಚದಲ್ಲಿ ಒಂದು ಪಾಲನ್ನು ಈ ಸೀಸೆಗಳಿಗೆ ಮೀಸಲಿಡಬಾರದೇಕೆ? ರೋಗಿಗಳ ಪಟ್ಟಿ ಶಾಲೆಯ ಕಚೇರಿಯಲ್ಲಿರಲಿ. ಹಳೆಯ ವಿದ್ಯಾರ್ಥಿಗಳು ವೈದ್ಯರು ಹೇಳಿದ ಅವಧಿಗೆ ಅವರನ್ನು ಮರಳಿ ಪರೀಕ್ಷೆಗೆ ಕರೆತರಲಿ.