ನೋಡಿ ಬರೆಯುವುದು ಕಳವಲ್ಲ

ಈಚೆಗೆ ಮಿರಜದ ಕಡೆ ಹೋಗಿದ್ದಾಗ ಕುಪವಾಡ ಎಂಐಡಿಸಿಯ ಬಳಿ ಒಂದು ಬಾಡಿಗೆ ಮನೆಯಲ್ಲಿ ನಾವು ದಮಯಂತಿಯನ್ನು ಕಂಡೆವು. ಜತ್ತ ತಾಲೂಕಿನ ಕನ್ನಡ ಮನೆತನದ ಹುಡುಗ. ಎರಕದ ಕಾರ್ಖಾನೆಯಲ್ಲಿ ದುಡಿಮೆ, ಪಾಳಿ ಮುಗಿದ ಮೇಲೆ ತೈಲವರ್ಣ. ಗೋಡೆಯಲ್ಲಿ ರವಿವರ್ಮನ ‘ಹಂಸ ದಮಯಂತಿ’ಯ ಅಚ್ಚಿನ ಪ್ರತಿ, ಎದುರಿಗೆ ಅರ್ಧ ಮುಗಿದ ಕ್ಯಾನ್‌ವಾಸು. “ಸ್ವಂತದ್ದು ಒಂದೂ ಇಲ್ಲ, ಬರೀ ನಕಲು” ಎಂದು ಮನೆಯವರು ನಮ್ಮಲ್ಲಿ ದೂರಿಕೊಂಡರು. ಇದೇ ದೂರನ್ನು ಕಾಸರಗೋಡಿನ ಕನ್ನಡ ಮನೆಗಳಲ್ಲೂ ನಾವು ಕೇಳಿದ್ದುಂಟು. ಆದುದರಿಂದ ಈ ನಾಲ್ಕು ಮಾತು.

ಚಿತ್ರದ ಮೇಲೆ ಚೌಕಗಳನ್ನೆಳೆದು ಆಕೃತಿಯನ್ನು ದೊಡ್ಡದಾಗಿಸಬೇಕು. ಟರ್ಪೆಂಟೈನ್ ಬೆರೆಸಿದ ತೆಳು ಕಂದು ಬಣ್ಣದಲ್ಲಿ ನೆರಳು ಬೆಳಕು ಹಾಕಿ, ಅದು ಒಣಗಿದ ಬಳಿಕ ಅಗಸೆ ಎಣ್ಣೆಯ ಬಣ್ಣ ಕೊಡಬೇಕು. ಕೆಳಗಿನ ಪದರದಲ್ಲಿ ಎಣ್ಣೆ ಹೆಚ್ಚಾಯಿತೋ, ಮೇಲಿನದು ಮೊದಲೇ ಒಣಗಿ ಬಿರುಕು ಬಿಡುತ್ತದೆ. ಹುಡುಗನ ಮೊದಲ ದಮಯಂತಿಯ ಕೆನ್ನೆ ಹಾಗೆಯೇ ಬಿರಿದಿತ್ತಂತೆ. ಇನ್ನು ಸೀರೆ. ಅಚ್ಚಿನ ಪ್ರತಿಯಲ್ಲಿ ಕೆಂಪು ಸೀರೆಯ ನಿರಿಗೆಗಳು ಕಲಸಿಹೋಗಿವೆ. ಆತ ಅಜ್ಜಿಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ಯಾವ ಮಡಿಕೆಯ ನೆರಳು ಎಲ್ಲಿ ಬೀಳುತ್ತದೆಂದು ನೋಡಿ ತಿದ್ದಿದ. ಇದನ್ನು ಬರೀ ನಕಲು ಎನ್ನಲು ನಮಗೆ ಮನಸ್ಸು ಬಾರದು.

ರವಿವರ್ಮನಾದರೂ ಕಲಿತದ್ದು ಹೇಗೆ? 1868ರಲ್ಲಿ ತಿರುವಾಂಕೂರಿಗೆ ಬಂದ ಥಿಯೋಡೋರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಆತನಿಗೆ ಪಾಠ ಹೇಳಲೊಪ್ಪಲಿಲ್ಲ. ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟ. ನೋಡಿಯೇ ಕಲಿತದ್ದು. 1870ರಲ್ಲಿ ಆತ ನಮ್ಮ ಕೊಲ್ಲೂರು ಮೂಕಾಂಬಿಕೆಯಲ್ಲಿ ವ್ರತವಿದ್ದು, ಮರಳುವಾಗ ಕಲ್ಲಿಕೋಟೆಯಲ್ಲಿ ಸಂಭಾವನೆಯ ಮೊದಲ ಚಿತ್ರ ಬರೆದನೆಂಬುದು ಪ್ರಸಿದ್ಧ. ಮಲಯಾಳದ ಚಿತ್ರಕಾರನನ್ನು ಕನ್ನಡದ ಮಕ್ಕಳು ಅನುಕರಿಸುವುದೇಕೆ ಎಂದು ಕೇಳುವವರು ತಮ್ಮ ದೇವರ ಕೋಣೆಯ ಲಕ್ಷ್ಮಿ, ಸರಸ್ವತಿಯರನ್ನೊಮ್ಮೆ ನೋಡಿಕೊಳ್ಳಲಿ.

ಆದರೆ ಒಂದು ಕೊರತೆಯನ್ನು ಮುಚ್ಚಿಡಲಾರೆವು. ಅಚ್ಚಿನ ಪ್ರತಿಯಿಂದ ರೇಖೆ ಕಲಿಯಬಹುದು, ಭಂಗಿ ಕಲಿಯಬಹುದು; ಬಣ್ಣ ಕಲಿಯಲಾಗದು. ಕಾಗದದ ಮೇಲೆ ಕಾಣುವುದು ಮುದ್ರಕನ ಕೆಂಪು, ರವಿವರ್ಮನದಲ್ಲ. 1899ರ ಆ ಮೂಲಚಿತ್ರ ಇರುವುದು ತಿರುವನಂತಪುರದಲ್ಲಿ. ಕುಪವಾಡದ ಹುಡುಗ ಅದನ್ನು ಕಂಡಿಲ್ಲ. ಕಾಸರಗೋಡಿನಿಂದ ಒಂದು ರಾತ್ರಿಯ ರೈಲು. ನಮ್ಮ ಮಕ್ಕಳಲ್ಲಿ ಕಂಡವರೆಷ್ಟು? ಮೈಸೂರಿನ ಜಗನ್ಮೋಹನ ಅರಮನೆಯಲ್ಲೂ ರವಿವರ್ಮನ ಮೂಲಕೃತಿಗಳಿವೆ. (ಅಲ್ಲಿಯ ದೀಪ ಹಿಡಿದ ಹೆಂಗಸು ರವಿವರ್ಮನ ಕೈಯದೆಂದು ಹೇಳುತ್ತ ಬರುವವರು ಬಹಳ. ಅದು ಸಾವಂತವಾಡಿಯ ಹಲ್ದಣ್‌ಕರರದು. ತೈಲವರ್ಣವೂ ಅಲ್ಲ, ಜಲವರ್ಣ.)

ನಮ್ಮ ಸಂಘಗಳು ವರ್ಷಕ್ಕೆ ಹಂಚುವ ಶಾಲು, ಹಾರಗಳ ಲೆಕ್ಕ ನಮಗೆ ತಿಳಿಯದ್ದಲ್ಲ. ಅದರಲ್ಲಿ ಎರಡು ಸನ್ಮಾನ ಕಡಿಮೆಯಾದರೆ ಕೈಗೆ ಬಣ್ಣ ಹತ್ತಿದ ನಾಲ್ಕೈದು ಮಕ್ಕಳು ತಿರುವನಂತಪುರಕ್ಕೆ ಹೋಗಿ ಬರಬಹುದು. ಚಿತ್ರದ ಮುಂದೆ ಅರ್ಧ ದಿನ ನಿಲ್ಲಲಿ. ಬರುವ ರಜೆಯಲ್ಲೇ ಇದಾಗಬೇಕು.

ಹೊರಡುವಾಗ ಹುಡುಗನಿಗೆ, ಕೆಳಗೆ ‘ರವಿವರ್ಮನನ್ನು ನೋಡಿ ಬರೆದದ್ದು’ ಎಂದು ನಮೂದಿಸಿ ನಿನ್ನ ಹೆಸರು ಹಾಕು, ಯಾರೂ ಕಳವೆನ್ನಲಾರರು ಎಂದೆವು. “ಹಾಕತೀನ್ರೀ, ಮೊದಲ ಹಂಸದ ಕುತ್ತಿಗಿ ಸರಿ ಆಗಲಿ” ಎಂದ.