ಕರಡು ತಿದ್ದೋರೂ ಮೇಷ್ಟ್ರೇ ಸ್ವಾಮಿ!

ಹೋದ ತಿಂಗಳು ಊರಿಗೆ ಹೋದಾಗ ಅಪ್ಪ ಮನೆಯ ಹಳೇ ಕ್ರಯಪತ್ರ ತೆಗೆದು ತೋರಿಸಿದರು. ಚಕ್ಕುಬಂದಿಯಲ್ಲಿ ಪೂರ್ವಕ್ಕಿರಬೇಕಾದ ರಸ್ತೆ ಪಶ್ಚಿಮಕ್ಕೆ ಹೋಗಿ ಕೂತಿದೆ! ಈಗ ತಿದ್ದುಪಡಿ ಪತ್ರಕ್ಕೆ ಮಾರಿದವರ ಮಕ್ಕಳನ್ನು ಹುಡುಕಿಕೊಂಡು ಅಲೆಯಬೇಕು. ಬರೆದವರು ವಕೀಲರೇ.

"ಕಾಲೇಜಲ್ಲಿ ಇದನ್ನೆಲ್ಲ ಹೇಳಿಕೊಡಲ್ವಾ?" ಅಂತ ಅಕ್ಕನನ್ನು ಕೇಳಿದೆ. ಅಕ್ಕ ಎಂಟು ವರ್ಷ ಕೋರ್ಟಿನಲ್ಲಿ ದುಡಿದು, ಈಗ ಲಾ ಕಾಲೇಜೊಂದರಲ್ಲಿ ಇದೇ ವಿಷಯಕ್ಕೆ ಅತಿಥಿ ಉಪನ್ಯಾಸಕಿ. ಸುಮ್ಮನೆ ನಕ್ಕಳು. ಆ ನಗು ಸಹಿಸಲಾಗದೆ ಈ ಪೋಸ್ಟು.

ಕಾಗದದ ಮೇಲೆ ಎಲ್ಲ ಇದೆ ಸ್ವಾಮಿ. ಬಾರ್ ಕೌನ್ಸಿಲಿನ 2008ರ ನಿಯಮಗಳಲ್ಲಿ ಡ್ರಾಫ್ಟಿಂಗ್ ಕಡ್ಡಾಯ ವಿಷಯ. ದಾವೆ, ಅರ್ಜಿಗಳ ಕರಡು 15, ಕ್ರಯ, ಉಯಿಲಿನಂಥ ಪತ್ರಗಳು 15, ತಲಾ 3 ಅಂಕ. ಉಳಿದ 10 ಅಂಕ ಮೌಖಿಕ ಪರೀಕ್ಷೆಗೆ.

ಈಗ ನಮ್ಮ ಸಾಫ್ಟ್‌ವೇರ್ ಬುದ್ಧಿಯಿಂದ ಲೆಕ್ಕ ಹಾಕಿ. 60 ಹುಡುಗರು, ತಲಾ 30 ಕರಡು, ಒಟ್ಟು 1800. ಒಂದಕ್ಕೆ ಹತ್ತೇ ನಿಮಿಷ ಅಂದರೂ 300 ಗಂಟೆ! ಅಕ್ಕನಿಗೆ ದುಡ್ಡು ಸಿಗೋದು ಕ್ಲಾಸು ತಗೊಂಡ ಗಂಟೆಗೆ ಮಾತ್ರ. ತಿದ್ದಿದ್ದೆಲ್ಲ ಧರ್ಮಕ್ಕೆ. ಹೀಗಾದರೆ ಹುಡುಗರು ಗೈಡು ನೋಡಿ ಇಳಿಸದೆ ಇನ್ನೇನು ಮಾಡ್ತಾರೆ?

ಕಾಯಂ ಆಗೋಣ ಅಂದರೆ ಎಲ್‌ಎಲ್‌ಎಂ ಬೇಕು, ನೆಟ್ಟೋ ಕೆ-ಸೆಟ್ಟೋ ಪಿಎಚ್‌ಡಿಯೋ ಬೇಕು. ಎಂಟು ವರ್ಷ ದಾವೆ ಬರೆದಿದ್ದು ಅದಕ್ಕೆ ಸಮ ಅಲ್ಲ. ಪೂರ್ಣಾವಧಿ ಸಂಬಳಕ್ಕೆ ಸೇರಿದರೆ ವಕೀಲಿಕೆ ಬಿಡಬೇಕು. ವಕೀಲಿಕೆ ಉಳಿಸಿಕೊಂಡರೆ, 1979ರ ನಿಯಮದಂತೆ ಪಾಠ ದಿನಕ್ಕೆ 3 ಗಂಟೆ ಮೀರುವಂತಿಲ್ಲ. ಬಡ್ತಿಗೆ ಸಂಶೋಧನಾ ಪ್ರಬಂಧ ಎಣಿಸ್ತಾರೆ, ತಿದ್ದಿದ ಕರಡು ಯಾರು ಎಣಿಸ್ತಾರೆ?

"ಸೀನಿಯರ್ ಆಫೀಸಲ್ಲಿ ಕಲೀತಾರೆ ಬಿಡ್ರೀ" ಅನ್ನೋರಿದ್ದಾರೆ. ಅಲ್ಲಿ ಕಲಿಯೋದು ಹಳೇ ಫೈಲಿಂದ ಕಾಪಿ ಪೇಸ್ಟ್! ಬಗ್ಗೂ ಜೊತೆಗೇ ಬರುತ್ತೆ. 2017ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟಿನ ತೀರ್ಪೊಂದನ್ನು ಸುಪ್ರೀಂ ಕೋರ್ಟು ಅರ್ಥವೇ ಆಗೋದಿಲ್ಲ ಅಂತ ವಾಪಸ್ ಕಳಿಸಿತ್ತು. ಬರವಣಿಗೆ ತಾನಾಗೇ ಬರೋದಾಗಿದ್ದರೆ ಅಲ್ಲೀತನಕ ಹೋಗುತ್ತಿತ್ತಾ?

ನಾನೂ ಕೋಡು ಬರೆಯೋದು ಕಲಿತದ್ದು ಕಾಲೇಜಲ್ಲಲ್ಲ, ಒಪ್ಪಿದೆ. ಕೆಲಸಕ್ಕೆ ಸೇರಿದ ಮೇಲೆ ಲೀಡ್ ಒಬ್ಬರು ಸಾಲು ಸಾಲಿಗೂ ಕಾಮೆಂಟ್ ಹಾಕಿ ಬೆವರಿಳಿಸಿದಾಗ ಕಲಿತೆ. ಆದರೆ ಅವರಿಗೆ ಆ ಕೆಲಸಕ್ಕೆ ಸಂಬಳ ಇತ್ತು, ಮರ್ಯಾದೆಯೂ ಇತ್ತು.

ಎಐ ಬರೆದುಕೊಡುತ್ತೆ ಅಂತೀರಾ? ನಮ್ಮನೆ ರಸ್ತೆ ಯಾವ ದಿಕ್ಕಿಗಿದೆ ಅಂತ ಅದಕ್ಕೇನು ಗೊತ್ತು? ಅದು ಬರೆದದ್ದರಲ್ಲಿ ತಪ್ಪು ಹಿಡಿಯೋಕಾದರೂ ಕಲಿತವರು ಬೇಕಲ್ಲ!

ನಾನು ಕೇಳೋದಿಷ್ಟೇ. ತಿದ್ದುವ ಗಂಟೆಗೂ ಸಂಬಳ ಕೊಡಿ. ಬರೆದ ಅನುಭವವನ್ನು ಅರ್ಹತೆ ಅಂತ ಒಪ್ಪಿ. ಬಡ್ತಿಗೆ ಅದನ್ನೂ ಎಣಿಸಿ.

ಅಕ್ಕ ಮುಂದಿನ ಸೆಮಿಸ್ಟರಿಗೆ ಹೋಗಲ್ಲವಂತೆ. ಅವಳ ಜಾಗಕ್ಕೆ ಇನ್ನೊಬ್ಬರು ಬರ್ತಾರೆ, ಹುಡುಗರು ಪಾಸೂ ಆಗ್ತಾರೆ. ಆಮೇಲೆ ನಿಮ್ಮ ಮನೆಯ ಕ್ರಯಪತ್ರ ಬರೀತಾರೆ.

ಒಮ್ಮೆ ನಿಮ್ಮ ಚಕ್ಕುಬಂದಿ ತೆಗೆದು ನೋಡಿ. ಏನಂತೀರಿ?