ಅಂತಿಮ ಪಂದ್ಯದ ಮುನ್ನಾದಿನದ ಭರವಸೆ

ಕಾಲ್ಚೆಂಡಿನ ದೊಡ್ಡದೊಂದು ಅಂತಿಮ ಪಂದ್ಯವು ನಾಳೆ ನಡೆಯತಕ್ಕದ್ದೆಂದಾಗ, ಇಂದು ಊರಲ್ಲಿ ಒಂದು ಬಗೆಯ ಮನುಷ್ಯನು ತಪ್ಪದೆ ಕಾಣಿಸಿಕೊಳ್ಳುವನು. ಆತನು ವರ್ಷವೆಲ್ಲ ಆ ಆಟದ ಕಡೆಗೆ ಕಣ್ಣೆತ್ತಿ ನೋಡಿದವನಲ್ಲ. ಆಟಗಾರರಲ್ಲಿ ಒಬ್ಬಿಬ್ಬರ ಹೆಸರನ್ನು ಬಿಟ್ಟರೆ ಉಳಿದವರು ಯಾರೆಂಬದನ್ನು ಅರಿಯನು. ಆಫ್‌ಸೈಡ್ ಅಂದರೇನೆಂದು ಕೇಳಿದರೆ ಮಾತು ಮರೆಸುವನು. ಆದರೂ ಚಹದ ಅಂಗಡಿಯ ಮುಂದೆ ನಿಂತು, "ಈ ಸಲ ಕಪ್ ನಮ್ಮದೇ, ಎರಡು ಗೋಲಿನಿಂದ ಗೆಲ್ಲುವೆವು, ನೋಡಿಕೊಳ್ಳಿರಿ" ಎಂದು ಎಲ್ಲರಿಗೂ ಕೇಳಿಸುವಂತೆ ಸಾರುವನು. ಆಟವನ್ನು ಬಲ್ಲವರು ಅದನ್ನು ಕೇಳಿ ನಗುವರು. ಆತನಾದರೋ ಆ ನಗೆಯನ್ನು ಲೆಕ್ಕಕ್ಕೆ ಹಿಡಿಯದೆ ಮನೆಗೆ ಹೋಗಿ ಸುಖವಾಗಿ ನಿದ್ರೆ ಮಾಡುವನು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಮಾತಾಪಿತೃಗಳೇ, ಈ ಮನುಷ್ಯನ ಪಕ್ಷವನ್ನು ಹಿಡಿದು ನಾಲ್ಕು ಮಾತುಗಳನ್ನು ಬರೆಯಬೇಕೆಂಬದು ನಮ್ಮ ಇಚ್ಛೆ. ಆತನ ಮೇಲೆ ನಮ್ಮದೊಂದು ದೂರೂ ಉಂಟು. ಅದನ್ನು ಕಡೆಗೆ ಹೇಳುವೆವು.

ನಮ್ಮ ಜೊಯಿಡಾ ಸೀಮೆಯವರಿಗೆ ಈ ಭರವಸೆಯ ಸ್ವರೂಪವು ಚೆನ್ನಾಗಿ ಗೊತ್ತು; ಯಾಕಂದರೆ ಇಲ್ಲಿ ಅದು ಎರಡು ಕವಲಾಗಿ ಹರಿಯುವದು. ಅನಮೋಡದ ಘಟ್ಟವನ್ನಿಳಿದರೆ ಗೋವೆ. ಕ್ಯಾಸಲ್‌ರಾಕಿನಿಂದ ಹೊರಟ ರೈಲು ದೂಧಸಾಗರದ ಮಗ್ಗುಲಿನಿಂದಲೇ ಕೆಳಗಿಳಿಯುವದು. ಶಾಲೆಯಲ್ಲಿ ಕನ್ನಡವನ್ನು ಓದುವ ಎಷ್ಟೋ ಮಕ್ಕಳು ಮನೆಯಲ್ಲಿ ಕೊಂಕಣಿಯನ್ನಾಡುವರು. ಬೆಂಗಳೂರು ನಮಗೆ ರಾಜಧಾನಿಯು ನಿಜ, ಆದರೆ ದೂರದ ರಾಜಧಾನಿ; ಗೋವೆಯು ಬೇರೆ ರಾಜ್ಯವು ನಿಜ, ಆದರೆ ನೆರೆಯ ರಾಜ್ಯ. ಹೀಗಿರಲಾಗಿ 2019ನೆಯ ಇಸವಿಯ ಮಾರ್ಚ್ 17ರಂದು ಮುಂಬಯಿಯ ಅಂಧೇರಿಯಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯಕ್ಕೆ ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ ಎಂಬೆರಡು ತಂಡಗಳು ಎದುರುಬದುರಾಗಿ ನಿಂತಾಗ, ಈ ಗಡಿಸೀಮೆಯವರಿಗೆ ಯಾವದು 'ನಮ್ಮ' ತಂಡವೆಂದು ಹೇಳುವದು ಸುಲಭವಾಗಿರಲಿಲ್ಲ. ಲೆಕ್ಕವನ್ನು ಬಲ್ಲವರಿಗೂ ಅದು ಸುಲಭವಾಗಿರಲಿಲ್ಲ. ಲೀಗಿನ ಸುತ್ತು ಮುಗಿದಾಗ ಎರಡು ತಂಡಗಳಿಗೂ ಸರಿಯಾಗಿ 34 ಅಂಕಗಳಿದ್ದವು. ಗೋವೆಯ ಕಡೆಗೆ ಆ ವರ್ಷ ಎಲ್ಲರಿಗಿಂತ ಹೆಚ್ಚು ಗೋಲುಗಳನ್ನು ಹೊಡೆದ ಕೋರೊಮಿನಾಸನಿದ್ದನು; ಬೆಂಗಳೂರಿನ ಕಡೆಗೆ ಸುನೀಲ ಛೇತ್ರಿಯೂ, ಗೋಲು ಕಾಯುವ ಗುರ್‌ಪ್ರೀತ್ ಸಿಂಗ್ ಸಂಧೂ ಇವರೂ ಇದ್ದರು. ನಿಯಮಿತ 90 ನಿಮಿಷಗಳಲ್ಲಿ ಒಂದು ಗೋಲೂ ಆಗಲಿಲ್ಲ. ಹೆಚ್ಚಿನ ಅವಧಿಯ 117ನೆಯ ನಿಮಿಷದಲ್ಲಿ, ಮೂಲೆಯಿಂದ ಒದ್ದ ಚೆಂಡನ್ನು ರಾಹುಲ್ ಭೇಕೆಯು ತಲೆಯಿಂದ ಹೊಡೆದು ಗೋಲು ಮಾಡಲು, ಪಟ್ಟವು ಬೆಂಗಳೂರಿಗೆ ಬಂತು. "ಎರಡು ಗೋಲಿನಿಂದ ಗೆಲ್ಲುವೆವು" ಎಂದವನ ಮಾತು ಹುಸಿಯಾಯಿತು. ಆದರೆ ಆತನು ಬಯಸಿದ್ದು ಮಾತ್ರ ಆಯಿತು.

ಈ ಮನುಷ್ಯನ ಪಕ್ಷದಲ್ಲಿ ನಾವು ಹೇಳುವ ಮೊದಲನೆಯ ಮಾತೇನಂದರೆ, ಆತನ ಅಜ್ಞಾನಕ್ಕೂ ಬಲ್ಲವರ ಜ್ಞಾನಕ್ಕೂ ಅಂತಿಮ ಪಂದ್ಯದ ದಿವಸ ನಾವೆಣಿಸುವಷ್ಟು ಅಂತರವಿರುವದಿಲ್ಲ. ಲೀಗಿನ ಆಟವು ತಿಂಗಳುಗಟ್ಟಲೆ ನಡೆಯುವಂಥದು. ಅಲ್ಲಿ ಒಂದು ದಿನದ ತಪ್ಪನ್ನು ಇನ್ನೊಂದು ದಿನ ತಿದ್ದಿಕೊಳ್ಳಬಹುದು. ಕಡೆಗೆ ಬಲವುಳ್ಳವನೇ ಬಹುಶಃ ಮೇಲೆ ಬರುವನು. ಅಂತಿಮ ಪಂದ್ಯವಾದರೋ ಒಂದೇ ದಿವಸದ ಆಟ. ಅದರಲ್ಲಿಯೂ ಕಾಲ್ಚೆಂಡಿನಲ್ಲಿ ಗೋಲುಗಳು ವಿರಳ. ಎಲ್ಲಿ ಒಂದೆರಡು ಗೋಲುಗಳಿಂದಲೇ ತೀರ್ಮಾನವಾಗುವದೋ ಅಲ್ಲಿ ಗಾಳಿಯೂ, ಜಾರಿದ ಕಾಲೂ, ಪಂಚನ ಸೀಟಿಯೂ ತಮ್ಮ ಪಾಲನ್ನು ಕೇಳುವವು.

ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ದೂರ ಹೋಗಬೇಕಾದದ್ದಿಲ್ಲ. ಸರಿಯಾಗಿ ಒಂದು ವರ್ಷದ ಹಿಂದೆ, 2018ರ ಮಾರ್ಚ್ 17ರಂದು, ಇದೇ ಪಟ್ಟದ ಅಂತಿಮ ಪಂದ್ಯವು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿಯೇ ನಡೆಯಿತು. ಬೆಂಗಳೂರು ತಂಡವು 40 ಅಂಕಗಳಿಂದ ಲೀಗಿನ ತಲೆಯ ಮೇಲಿತ್ತು. ಎದುರಿಗೆ ಬಂದ ಚೆನ್ನೈಯಿನ್ ತಂಡಕ್ಕೆ 32 ಅಂಕಗಳು. ಸ್ವಂತ ಊರು, ಸ್ವಂತ ಮೈದಾನ, ಕಿಕ್ಕಿರಿದ ಸ್ವಂತ ಜನ. 9ನೆಯ ನಿಮಿಷದಲ್ಲಿ ಛೇತ್ರಿಯು ಗೋಲನ್ನೂ ಹೊಡೆದನು. ಬಲ್ಲವರೂ ಅರಿಯದವರೂ ಒಂದೇ ಸ್ವರದಿಂದ ಗೆದ್ದೆವೆಂದರು. ಆದರೆ ಪಂದ್ಯವು ಮುಗಿದಾಗ ಚೆನ್ನೈಯಿನ್ ತಂಡವು 3-2ರಿಂದ ಗೆದ್ದಿತ್ತು. ಗೋವೆಯವರ ಕಥೆಯು ಇದಕ್ಕಿಂತಲೂ ಕಹಿ. 2015ರ ಡಿಸೆಂಬರ್ 20ರಂದು ತಮ್ಮದೇ ಆದ ಫಾತೋರ್ಡೆಯಲ್ಲಿ, ಅದೇ ಚೆನ್ನೈಯಿನ್ ತಂಡದ ಎದುರಿಗೆ, ಕಡೆಯ ಗಳಿಗೆಯ ವರೆಗೆ 2-1ರಿಂದ ಮುಂದಿದ್ದವರು, ಆಟವು ಮುಗಿಯುತ್ತ ಬಂದಾಗ ಎರಡು ಗೋಲುಗಳನ್ನು ಬಿಟ್ಟುಕೊಟ್ಟು ಸೋತರು. ಲೆಕ್ಕವು ಬಲ್ಲವನನ್ನೂ ಕೈಬಿಡುವದೆಂಬದಕ್ಕೆ ಇಷ್ಟು ಸಾಕು.

ಎರಡನೆಯ ಮಾತು ಇದಕ್ಕಿಂತ ಮುಖ್ಯವಾದದ್ದು. ಆಟವನ್ನು ಬಲ್ಲವರು ಎಲ್ಲೆಲ್ಲಿಯೂ ಸ್ವಲ್ಪ ಜನ. ಒಂದು ತಂಡವು ಒಂದು ನಾಡಿನ ತಂಡವೆನಿಸುವದು ಆಟವನ್ನು ಅರಿಯದವರೂ ಅದನ್ನು 'ನಮ್ಮದು' ಎಂದಾಗಲೇ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದರು. ಅದಕ್ಕೆ ಹಿಂದೆ ಈ ನಾಡು ಆ ಟ್ರೋಫಿಯನ್ನು ಗೆದ್ದದ್ದು 1968-69ರಲ್ಲಿ, ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ನಡುವೆ 54 ವರ್ಷಗಳು ಕಳೆದುಹೋಗಿದ್ದವು. ಅಷ್ಟು ಕಾಲದಲ್ಲಿ ಆಡಿದ ಹುಡುಗರು ಮುದುಕರಾದರು. ಅವರ ಮೊಮ್ಮಕ್ಕಳು ಆಡುವಂತಾದರು. ಲೆಕ್ಕವನ್ನೇ ನಂಬುವವನು ಹತ್ತು ವರ್ಷಗಳಿಗೆ ಬೇಸತ್ತು ಎದ್ದುಹೋಗುತ್ತಿದ್ದನು. ಪ್ರತಿ ವರ್ಷವೂ "ಈ ಸಲ ನಮ್ಮದೇ" ಎನ್ನಲು ಬೇಕಾದದ್ದು ಹಿಂದಿನ ಸೋಲುಗಳನ್ನು ಎಣಿಸದ ಮನಸ್ಸು. ಅದನ್ನು ಹಗುರವೆಂದು ಜರೆಯಬಾರದು. ಹಗುರವಾಗಿರುವದರಿಂದಲೇ ಅದು ಮುಳುಗುವದಿಲ್ಲ.

ಇಷ್ಟು ಹೊಗಳಿಕೆಯಾಯಿತು. ಇನ್ನು ನಮ್ಮ ದೂರನ್ನು ಹೇಳುವೆವು.

ಈ ಧಾರಾಳವಾದ ಭರವಸೆಯು ಗಂಡುಹುಡುಗರು ಆಡುವಾಗ ಮಾತ್ರ ಹುಟ್ಟುವದೇಕೆ? 2023ರ ಮೇ 21ರಂದು, ಅಂದರೆ ರಿಯಾದಿನ ಗೆಲುವಿಗೆ ಮೂರು ತಿಂಗಳೂ ತುಂಬುವ ಮೊದಲೇ, ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಂಬ ಮಹಿಳೆಯರ ತಂಡವು ಅಹಮದಾಬಾದಿನಲ್ಲಿ ಭಾರತೀಯ ಮಹಿಳಾ ಲೀಗಿನ ಅಂತಿಮ ಪಂದ್ಯವನ್ನಾಡಿತು. ಎದುರಿಗಿದ್ದದ್ದು ಕೇರಳದ ಗೋಕುಲಂ ತಂಡ. ಅದೂ ರಾಷ್ಟ್ರದ ಪಟ್ಟವೇ. ಅದೂ ನಮ್ಮ ನಾಡಿನ ತಂಡವೇ. ಅದರ ಮುನ್ನಾದಿನ ಯಾವ ಊರಿನ ಚಹದ ಅಂಗಡಿಯ ಮುಂದೆ ಯಾರು ನಿಂತು "ಕಪ್ ನಮ್ಮದೇ" ಎಂದರು? ನಮ್ಮ ಹುಡುಗಿಯರು 5-0ರಿಂದ ಸೋತರು. ಸೋತದ್ದಕ್ಕಾಗಿ ನಾವು ವ್ಯಸನಪಡುವದಿಲ್ಲ. ಆಟವೆಂದ ಮೇಲೆ ಒಬ್ಬರು ಸೋಲಲೇಬೇಕು. ಅವರ ಸೋಲಿಗೆ ಮರುಗುವದಕ್ಕೂ ಹೆಚ್ಚು ಜನರಿರಲಿಲ್ಲವಲ್ಲಾ ಎಂಬದೇ ನಮ್ಮ ವ್ಯಸನ.

"ಹೆಂಗಸರ ಕಾಲ್ಚೆಂಡನ್ನು ನೋಡುವವರೇ ಇಲ್ಲ, ಏನು ಮಾಡೋಣ?" ಎಂದು ಕೆಲವರು ಹೇಳುವರು. ಈ ಮಾತಿಗೆ ಇಂಗ್ಲಂಡದ ಇತಿಹಾಸವೇ ಉತ್ತರ ಕೊಡುವದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪ್ರೆಸ್ಟನ್ ಎಂಬ ಊರಿನ ಡಿಕ್-ಕೆರ್ ಕಾರಖಾನೆಯ ಕೂಲಿಯ ಹುಡುಗಿಯರು ಒಂದು ತಂಡವನ್ನು ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟವನ್ನು ನೋಡಲು ಸುಮಾರು 53,000 ಜನರು ಕೂಡಿದರು. ಮರುವರ್ಷ, 1921ರ ಡಿಸೆಂಬರ್ 5ರಂದು, ಅಲ್ಲಿಯ ಫುಟ್‌ಬಾಲ್ ಸಂಘವು, ಈ ಆಟವು ಹೆಂಗಸರಿಗೆ ತಕ್ಕದ್ದಲ್ಲವೆಂದು ಹೇಳಿ, ತನ್ನ ಕೈಕೆಳಗಿನ ಮೈದಾನಗಳಲ್ಲಿ ಅವರು ಆಡಬಾರದೆಂದು ಕಟ್ಟುಮಾಡಿತು. ಆ ಕಟ್ಟು ಸುಮಾರು ಅರ್ಧ ಶತಮಾನ ನಡೆಯಿತು. ನೋಡುವವರು ಇಲ್ಲದೆ ಆಟವು ನಿಂತದ್ದಲ್ಲ. ಆಟದ ಬಾಗಿಲು ಮುಚ್ಚಿದ ಮೇಲೆ ನೋಡುವವರು ಇಲ್ಲದಾದರು.

ಮತ್ತೆ ಕೆಲವರು ತಮ್ಮ ಆಕ್ಷೇಪವನ್ನು ಹೀಗೆ ಮುಂದಿಡುವರು: "ಸುಳ್ಳು ಭರವಸೆಯನ್ನು ಕೊಟ್ಟು ಹುಡುಗಿಯರನ್ನು ಮೋಸಗೊಳಿಸಬಾರದು. 2022ರಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ನಮ್ಮ ದೇಶದಲ್ಲಿಯೇ ನಡೆಯಿತು. ಭಾರತದ ಮಕ್ಕಳು ಭುವನೇಶ್ವರದಲ್ಲಿ ಅಮೇರಿಕೆಗೆ 8-0, ಮೊರಾಕ್ಕೋಗೆ 3-0, ಬ್ರೆಝಿಲಿಗೆ 5-0 ಹೀಗೆ ಮೂರೂ ಪಂದ್ಯಗಳನ್ನು ಸೋತರು. ಅವರಿಗೆ 'ಗೆಲ್ಲುವಿರಿ' ಎನ್ನುವದರಿಂದ ಏನು ಬಂತು?" ಇದು ತೂಕವುಳ್ಳ ಆಕ್ಷೇಪವೆಂದು ನಾವು ಒಪ್ಪುವೆವು. ಆದರೆ ಭರವಸೆಯು ಬೇರೆ, ಭವಿಷ್ಯವಾಣಿಯು ಬೇರೆ. ಚಹದ ಅಂಗಡಿಯವನು ನಾಳಿನ ಗೋಲುಗಳನ್ನು ಎಣಿಸಿಕೊಡುವ ಜೋಯಿಸನಲ್ಲ. "ನಾಳೆ ನಾನು ನಿಮ್ಮವನಾಗಿ ನಿಲ್ಲುವೆನು" ಎಂಬಷ್ಟೇ ಆತನ ಮಾತಿನ ತಿರುಳು. ಆ ಮಾತು ಸೋತ ಮೇಲೆಯೂ ಸುಳ್ಳಾಗುವದಿಲ್ಲ. ಅದೇ ವಿಶ್ವಕಪ್ಪಿನ ಹಲವು ಪಂದ್ಯಗಳು ನಮ್ಮ ಘಟ್ಟದ ಕೆಳಗಿನ ಮಡಗಾಂವದಲ್ಲಿಯೇ ನಡೆದವೆಂಬದನ್ನು ಇಲ್ಲಿ ನೆನಪಿಸುವೆವು. ಜಗತ್ತಿನ ಹುಡುಗಿಯರು ನೆರೆಮನೆಯ ಅಂಗಳಕ್ಕೆ ಬಂದು ಆಡಿ ಹೋದರು. ಅವರನ್ನು ತೋರಿಸುವದಕ್ಕೆ ನಮ್ಮಲ್ಲಿ ಎಷ್ಟು ಜನ ತಂದೆಗಳು ತಮ್ಮ ಹೆಣ್ಣುಮಕ್ಕಳನ್ನು ಕರಕೊಂಡು ಘಟ್ಟವಿಳಿದರೆಂದು ಅವರವರೇ ಕೇಳಿಕೊಳ್ಳಲಿ.

ಸೋಲಿನ ಲೆಕ್ಕವನ್ನೇ ಕಡೆಯ ಲೆಕ್ಕವೆಂದು ನಂಬಿದವರಿಗೆ 2025ರ ಜುಲೈ 5 ಸಹ ಉತ್ತರ ಕೊಟ್ಟಿದೆ. ಅಂದು ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಲ್ಲಿ ಭಾರತದ ಹೆಂಗಸರ ತಂಡವು, ಎರಡು ಸಲ ವಿಶ್ವಕಪ್ಪಿನಲ್ಲಿ ಆಡಿದ ಥಾಯ್ಲೆಂಡನ್ನು ಅದರ ಸ್ವಂತ ನೆಲದಲ್ಲಿಯೇ 2-1ರಿಂದ ಸೋಲಿಸಿ, ಅರ್ಹತಾಸ್ಪರ್ಧೆಯನ್ನು ಗೆದ್ದು ಏಶಿಯಾ ಕಪ್ಪಿಗೆ ದಾರಿ ಮಾಡಿಕೊಂಡಿತು. ಎರಡು ಗೋಲುಗಳನ್ನೂ ಹೊಡೆದವಳು ಬಂಗಾಲದ ಸಂಗೀತಾ ಬಾಸ್ಫೋರ್. ಮುನ್ನಾದಿನ ಯಾವನಾದರೂ ಏನೂ ಅರಿಯದವನು "ನಾವೇ ಗೆಲ್ಲುವೆವು" ಎಂದಿದ್ದರೆ ಬಲ್ಲವರು ಆತನನ್ನು ನೋಡಿ ನಗುತ್ತಿದ್ದರು. ಮತ್ತು ಆತನ ಮಾತೇ ನಿಜವಾಗುತ್ತಿತ್ತು.

ಈಗ ನಮ್ಮ ಮಾತು ನಮ್ಮ ಶಾಲೆಯ ಅಂಗಳಕ್ಕೆ ಬರುವದು. ಆಡುವ ಹುಡುಗಿಗೆ ತಾಲೂಕಿನ ಪಂದ್ಯವೇ ವಿಶ್ವಕಪ್. ಆ ಮುನ್ನಾದಿನ ಮನೆಯಲ್ಲಿ ಆಕೆಗೆ ಕೇಳಿಸುವ ಮಾತುಗಳು ಯಾವವು? "ಬಿಸಿಲಲ್ಲಿ ಕಪ್ಪಾಗುವೆ", "ಕಾಲು ಮುರಿದೀತು", "ಪರೀಕ್ಷೆ ಹತ್ತಿರ ಬಂತು", "ಇದರಿಂದ ಮುಂದೆ ಏನಾಗುವದು?" ಇವೆಲ್ಲ ಪ್ರೀತಿಯಿಂದ ಹುಟ್ಟಿದ ಮಾತುಗಳೇ, ಅದನ್ನು ನಾವು ಬಲ್ಲೆವು. ಆದರೆ ಅದೇ ಮನೆಯ ಅದೇ ತಂದೆಯು ತಾನೆಂದೂ ಕಾಣದ ಊರಿನಲ್ಲಿ ತಾನೆಂದೂ ಕಾಣದ ಹುಡುಗರು ಆಡುವ ಪಂದ್ಯಕ್ಕಾಗಿ ರಾತ್ರಿ ಹನ್ನೊಂದರ ವರೆಗೆ ಟೀವಿಯ ಮುಂದೆ ಎದೆ ಹಿಡಿದುಕೊಂಡು ಕೂಡುವನು. ಆ ಹುಡುಗರಿಂದ ಮುಂದೆ ಏನಾಗುವದೆಂದು ಆತನು ಎಂದೂ ಕೇಳನು. ಪರರ ಮಕ್ಕಳಿಗೆ ಲೆಕ್ಕ ಕೇಳದೆ ಕೊಟ್ಟದ್ದನ್ನು ಸ್ವಂತ ಮಗಳಿಗೆ ಲೆಕ್ಕ ಕೇಳಿ ಕೊಡುವದು ನ್ಯಾಯವೇ?

ಆದುದರಿಂದ ಮಾತಾಪಿತೃಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಆಟದ ನಿಯಮಗಳನ್ನು ನೀವು ಕಲಿಯಬೇಕಾದದ್ದಿಲ್ಲ. ಆಫ್‌ಸೈಡ್ ಅಂದರೇನೆಂದು ತಿಳಿಯದಿದ್ದರೂ ನಡೆಯುವದು. ಪಂದ್ಯದ ಹಿಂದಿನ ಸಂಜೆ ಆಕೆಯ ಊಟದ ಹೊತ್ತಿಗೆ, "ನಾಳೆ ನೀವೇ ಗೆಲ್ಲುವಿರಿ, ತಂಗೀ, ನಾನು ನೋಡಲಿಕ್ಕೆ ಬರುವೆನು" ಎಂದು ಹೇಳಿರಿ, ಹೇಳಿದ ಮೇಲೆ ಬನ್ನಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಓಡುವ ಕಾಲುಳ್ಳವರೂ ಹತ್ತನೆಯ ಇಯತ್ತೆಯ ಪರೀಕ್ಷೆಯೊಂದಿಗೆ ಆಟವನ್ನು ಬಿಟ್ಟುಬಿಟ್ಟವರೂ ಇದ್ದೀರಿ. ಯಾರೂ ಬಂದು ನೋಡದ ಮೈದಾನದಲ್ಲಿ ಆಡುವದು ಹೇಗಿರುವದೆಂದು ನಿಮಗೆ ಹೇಳಿಕೊಡಬೇಕಾದದ್ದಿಲ್ಲ. ವರ್ಷಕ್ಕೊಂದು ದಿವಸ, ಈ ಮಕ್ಕಳು ಆಡುವ ದಿವಸ, ನಿಮ್ಮ ಮನೆಗೆಲಸವನ್ನು ಗಂಡನಿಗೋ ಅತ್ತೆಗೋ ಒಪ್ಪಿಸಿ ಬಂದು ಮೈದಾನದ ಬದಿಯಲ್ಲಿ ನಿಲ್ಲಿರಿ, ನಾಚದೆ ಕೂಗಿರಿ.

ಅವರು ಗೆದ್ದರೆ ಸಂತೋಷ. ಸೋತರೆ, ಸೋತವರನ್ನು ಕರಕೊಂಡು ಮನೆಗೆ ಹೋಗಿರಿ. ಆಟದ ತಪ್ಪುಗಳನ್ನು ಅವರ ಗುರುಗಳು ಮರುದಿವಸ ಹೇಳುವರು. ನಿಮ್ಮ ಕೆಲಸವು ಮುಂದಿನ ವರ್ಷದ್ದು. ಆಗ ಈ ವರ್ಷದ ಸೋಲನ್ನು ಮರೆತವರಂತೆ ಬಂದು, "ಈ ಸಲ ನಮ್ಮ ಹುಡುಗಿಯರದೇ" ಎಂದು ಊರಿಗೆಲ್ಲ ಕೇಳುವಂತೆ ಹೇಳಿರಿ. ಬಲ್ಲವರು ನಕ್ಕರೆ ನಗಲಿ.